ಕನ್ನಡ ಅಕ್ಷರ ಕೊರೆಯಲು ಯಾವ ಸ್ಕ್ರೋಲ್ ಸಾ ಬ್ಲೇಡ್? ಎರಡೂವರೆ ವರ್ಷ ಬಳಸಿದ ಮೇಲೆ

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನನ್ನ ಮನೆ. ಶಾಲೆ ಮುಗಿಸಿ ಬಂದ ಮೇಲೆ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕೂತು ಮನೆ ಬಾಗಿಲಿನ ನಾಮಫಲಕ ಮಾಡುತ್ತೇನೆ. ಒಂದೊಂದೇ ಅಕ್ಷರ ಕೊರೆದು ಹಲಗೆಯ ಮೇಲೆ ಅಂಟಿಸುವ ಕೆಲಸ. ಕೊರೆಯುವುದು ಸ್ಕ್ರೋಲ್ ಸಾದಲ್ಲಿ, ಅಂದರೆ ಸಣ್ಣ ಬ್ಲೇಡ್ ಮೇಲೆ-ಕೆಳಗೆ ಓಡುತ್ತ ತಿರುವುಗಳನ್ನು ಕೊರೆಯುವ ಗರಗಸದ ಯಂತ್ರದಲ್ಲಿ. ಈ ಎರಡೂವರೆ ವರ್ಷದಲ್ಲಿ ಯಂತ್ರ ಒಂದೇ, ಬ್ಲೇಡಿನಿಂದ ಹಿಂಬದಿಯವರೆಗೆ 16 ಇಂಚಿನದು. ಬ್ಲೇಡ್ ಮಾತ್ರ ಹತ್ತಾರು ಬಗೆಯವು ಕೈಯಲ್ಲಿ ಹಾದುಹೋಗಿವೆ. ಕೊರೆದದ್ದೆಲ್ಲ ಕನ್ನಡ ಅಕ್ಷರ, ಹಾಗಾಗಿ ನನ್ನ ಅಭಿಪ್ರಾಯವೂ ಅದಕ್ಕೇ ಸೇರಿದ್ದು. ಇಂಗ್ಲಿಷಿನ ಎಲ್, ಟಿ, ಇ ಕೊರೆಯಲು ನೇರ ಗೆರೆ ಹಿಡಿದು ಹೋದರೆ ಮುಗಿಯಿತು. ನಮ್ಮ ಲಿಪಿಯಲ್ಲಿ ನೇರ ಗೆರೆ ಹುಡುಕಿದರೂ ಸಿಗುವುದು ಕಷ್ಟ. ‘ರ’ಕ್ಕೆ ದುಂಡು ಹೊಟ್ಟೆ, ‘ವ’ಕ್ಕೆ ಇನ್ನೊಂದು, ತಲೆಕಟ್ಟು ಸೇರುವಲ್ಲಿ ಚೂಪಾದ ಸಂದು, ಕೆಳಗೆ ಬೆರಳಿನ ಉಗುರಿನಷ್ಟಿರುವ ಒತ್ತು.

ಮೊದಲ ಪಾಠ ಕಲಿತದ್ದು ಅಕ್ಕನ ಹೊಸ ಮನೆಯ ವಾಸ್ತುಶಾಂತಿಗೆ ‘ಶ್ರೀ ಗವಿಸಿದ್ಧೇಶ್ವರ ಕೃಪೆ’ ಕೊರೆಯುವಾಗ. ಯಂತ್ರದ ಜೊತೆ ಬಂದಿದ್ದವು ಪಿನ್ ಇರುವ ಬ್ಲೇಡ್‌ಗಳು, ಅಂದರೆ ಎರಡೂ ತುದಿಗೆ ಸಣ್ಣ ಅಡ್ಡ ಕಡ್ಡಿ ಇರುವಂಥವು. ಕೊಕ್ಕೆಗೆ ಸಿಕ್ಕಿಸಿದರೆ ಆಯಿತು, ಹೊಸಬರಿಗೆ ಬಹಳ ಸುಲಭ. ಆದರೆ ಅಕ್ಷರದ ಹೊಟ್ಟೆ ತೆಗೆಯಬೇಕಾದರೆ ಮೊದಲು ಅಲ್ಲಿ ತೂತು ಕೊರೆದು, ಅದರೊಳಗೆ ಬ್ಲೇಡ್ ಇಳಿಸಿ, ಆಮೇಲೆ ಕಟ್ಟಬೇಕು. ಆ ಕಡ್ಡಿ ದಾಟಲು ಐದು ಮಿ.ಮೀ. ತೂತಾದರೂ ಬೇಕು. ‘ದ್ಧೇ’ಯ ಒತ್ತಿನ ಹೊಟ್ಟೆ ಇದ್ದದ್ದೇ ನಾಲ್ಕು ಮಿ.ಮೀ. ತೂತು ಕೊರೆದ ಕೂಡಲೇ ಒತ್ತು ಎರಡು ಹೋಳಾಯಿತು. ಮೂರು ಸಲ ಕೊರೆದೆ, ಮೂರು ಸಲವೂ ಒಡೆಯಿತು. ಪಿನ್ ಇಲ್ಲದ ಬ್ಲೇಡ್ ತರಿಸಿಕೊಂಡ ದಿನ ಒಂದೂವರೆ ಮಿ.ಮೀ. ತೂತಿನಲ್ಲಿ ಅದೇ ಒತ್ತು ಇಡಿಯಾಗಿ ಹೊರಬಂತು. ಯಂತ್ರ ಕೊಳ್ಳುವ ಯೋಚನೆಯಲ್ಲಿರುವವರು ಬೇರೆ ಏನು ನೋಡದಿದ್ದರೂ ಇದೊಂದನ್ನು ನೋಡಿ: ಪಿನ್ ಇಲ್ಲದ 5 ಇಂಚಿನ ಬ್ಲೇಡನ್ನು ಅದು ಹಿಡಿಯುತ್ತದೆಯೇ?

ಇನ್ನು ನಂಬರ್. 2/0 ಕೂದಲಿನಂತೆ ಸಣ್ಣದು, 12 ದಪ್ಪನೆಯದು. ನಂಬರ್ ಏರಿದಂತೆ ಅಗಲ ಹೆಚ್ಚುತ್ತದೆ, ಇಂಚಿಗೆ ಹಲ್ಲು ಕಡಿಮೆಯಾಗುತ್ತದೆ. ನಂಬರ್ 5ರ ಅಗಲ ಸುಮಾರು ಒಂದು ಮಿ.ಮೀ. ಮರದ ದಪ್ಪದೊಳಗೆ ಯಾವಾಗಲೂ ಮೂರು ಹಲ್ಲಾದರೂ ಇರಬೇಕು ಎಂಬ ಲೆಕ್ಕ ನನ್ನನ್ನು ಒಮ್ಮೆಯೂ ಕೈಬಿಟ್ಟಿಲ್ಲ. 5ರಲ್ಲಿ ಇಂಚಿಗೆ ಹನ್ನೆರಡರಷ್ಟು ಹಲ್ಲು, ಅಂದರೆ ಎರಡು ಮಿ.ಮೀ.ಗೆ ಒಂದು. ಆರು ಮಿ.ಮೀ. ಪ್ಲೈವುಡ್‌ಗೆ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ. ಮೂರು ಮಿ.ಮೀ. ಎಂಡಿಎಫ್‌ಗೆ (ಮರದ ನಾರು ಒತ್ತಿ ಮಾಡಿದ ಹಲಗೆ) ಅದನ್ನೇ ಹಾಕಿದಾಗ ಹಲಗೆ ಕೈಯಲ್ಲಿ ದಡದಡ ಕುಣಿಯಿತು. ಈಗ ತೆಳು ಹಲಗೆಗೆ 1, ಆರು ಮಿ.ಮೀ.ಗೆ 3, ಹನ್ನೆರಡು ಮಿ.ಮೀ. ಸಾಗವಾನಿಗೆ 5, ಅದಕ್ಕಿಂತ ದಪ್ಪದ ಬೇವಿಗೆ 7. ಸಾಗವಾನಿಯಲ್ಲೂ ತಲೆಕಟ್ಟಿನ ಸಂದು ಬಂದಾಗ 5 ತೆಗೆದು 3 ಹಾಕುತ್ತೇನೆ, ಅಗಲದ ಬ್ಲೇಡ್ ನಿಂತಲ್ಲೇ ತಿರುಗುವುದಿಲ್ಲ.

ಹೊಸಬರು ಹೆಚ್ಚು ಮೋಸ ಹೋಗುವುದು ಬ್ಲೇಡ್ ಒಂದು ಪಕ್ಕಕ್ಕೆ ಎಳೆಯುವಾಗ. ನಾನೂ ಒಂದು ಪೊಟ್ಟಣವನ್ನು ದೋಷ ಇದೆ ಎಂದು ವಾಪಸ್ ಕಳಿಸಿದ್ದೆ. ಆ ಬ್ಲೇಡಿನ ತಪ್ಪು ಏನೂ ಇರಲಿಲ್ಲ. ಹಲ್ಲು ಮಾಡುವಾಗ ಒಂದು ಮಗ್ಗುಲಿಗೆ ಸಣ್ಣ ಮುಳ್ಳಂಚು ಉಳಿಯುತ್ತದೆ, ಆ ಮಗ್ಗುಲು ಮರವನ್ನು ಜಾಸ್ತಿ ಕಚ್ಚುತ್ತದೆ. ಬಹುಪಾಲು ಬ್ಲೇಡ್‌ಗಳ ಗುಣವೇ ಅದು. ಹಲಗೆಯನ್ನು ನೇರ ಹಿಂದಕ್ಕೆ ತಳ್ಳದೆ ತುಸು ಓರೆ ಹಿಡಿದರೆ ಗೆರೆ ಮೇಲೆಯೇ ಹೋಗುತ್ತದೆ. ವಾರದಲ್ಲಿ ಕೈಗೆ ಹತ್ತುತ್ತದೆ.

ಎಳೆತಕ್ಕೆ ಇನ್ನೊಂದು ಕಾರಣ ಸಡಿಲ. ಅದನ್ನು ತೋರಿಸಿಕೊಟ್ಟವರು ನಮ್ಮ ಓಣಿಯ ಬಡಿಗೇರ ಕಾಕಾ. ಅವರು ಸ್ಕ್ರೋಲ್ ಸಾ ಮುಟ್ಟಿದವರಲ್ಲ, ಆದರೆ ಐದು ನಿಮಿಷ ನಿಂತು ನೋಡಿ, “ಬ್ಲೇಡಿಗೆ ಸುಮ್ನ ಬೈಬ್ಯಾಡ್ರಿ ಮಾಸ್ತರ, ಸಡ್ಲ ಐತಿ ನೋಡ್ರಿ” ಅಂದರು. ಬಿಗಿ ಮಾಡಿ ಬೆರಳಿನಿಂದ ಮೀಟಿದರೆ ಏಕತಾರಿಯ ತಂತಿಯಂತೆ ‘ಟಿಣ್’ ಅನ್ನಬೇಕು. ‘ದಬ್’ ಅಂದರೆ ಇನ್ನೂ ಬಿಗಿ ಬೇಕು. ಬಿಗಿ ಮಾಡುವಾಗ ಬ್ಲೇಡ್ ಹಿಡಿಕೆಯಿಂದ ಜಾರಿದರೆ ತುದಿಗಿರುವ ಎಣ್ಣೆ ಒರೆಸಿ, ಸಣ್ಣ ಸ್ಯಾಂಡ್ ಪೇಪರಿನಿಂದ ಉಜ್ಜಿ. ನನ್ನ ಯಂತ್ರದಲ್ಲಿ ಜಾರುವುದು ಅಲ್ಲಿಗೆ ನಿಂತಿತು.

ಅವಸರ ಬೇಡ ಎಂಬುದು ಕಿನ್ನಾಳದಲ್ಲಿ ಸಿಕ್ಕ ಮಾತು. ಗೊಂಬೆ ಮಾಡುವ ಒಬ್ಬ ಹಿರಿಯರಿಗೆ ನನ್ನ ‘ಗ’ ತೋರಿಸಿದೆ. ಅವರು ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, “ಇಲ್ಲಿ ನೂಕೀರಿ” ಎಂದು ಸರಿಯಾಗಿ ಅದೇ ಜಾಗ ತೋರಿಸಿದರು. ನೂಕಿದಾಗ ಬ್ಲೇಡ್ ಬಿಲ್ಲಿನಂತೆ ಬಾಗಿ, ಅಂಚು ಮೇಲೊಂದು ಕೆಳಗೊಂದು ಆಗಿರುತ್ತದೆ. ಅವರು ಕೊಟ್ಟ ಹಗುರವಾದ ಪೊಲ್ಕಿ ಮರದ ತುಂಡಿನಲ್ಲೂ ಕೊರೆದು ನೋಡಿದೆ. ಸಣ್ಣ ಹಲ್ಲಿನ ಬ್ಲೇಡಿಗೆ ಪುಡಿ ಮೆತ್ತಿಕೊಂಡಿತು, ಒಂದು ಬಿಟ್ಟು ಒಂದು ಹಲ್ಲಿರುವ 5ರಲ್ಲಿ ಬೆಣ್ಣೆಯಂತೆ ಹೋಯಿತು.

ನಾನು ಮನಸಾರೆ ಹೊಗಳುವುದು ಉಲ್ಟಾ ಹಲ್ಲಿನ ಬ್ಲೇಡನ್ನು. ಮೇಲಿನ ಹಲ್ಲೆಲ್ಲ ಕೆಳಮುಖ, ತಳದ ಕೆಲವು ಮಾತ್ರ ಮೇಲ್ಮುಖ. ಪ್ಲೈವುಡ್ಡಿನ ಕೆಳಗಿನ ಪದರ ಕಿತ್ತು ನಾರು ಬರುವುದು ಇದರಿಂದ ಹೆಚ್ಚೂಕಡಿಮೆ ನಿಂತುಹೋಗುತ್ತದೆ. ಕಟ್ಟುವಾಗ ಒಂದು ಎಚ್ಚರ: ಬ್ಲೇಡ್ ಪೂರ್ತಿ ಮೇಲೆ ಬಂದಾಗ ಎರಡು-ಮೂರು ಉಲ್ಟಾ ಹಲ್ಲು ಮೇಜಿನ ಮೇಲೆ ಕಾಣಬೇಕು. ಇಲ್ಲದಿದ್ದರೆ ಹೆಚ್ಚು ದುಡ್ಡು ಕೊಟ್ಟು ತಂದದ್ದು ವ್ಯರ್ಥ.

ಕೊಪ್ಪಳದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದಾಗಲೆಲ್ಲ ನನ್ನ ಮುಂದೆ ಇಟ್ಟದ್ದು ಜಿಗ್‌ಸಾ ಬ್ಲೇಡ್. ಹೊಸಪೇಟೆಯಲ್ಲಿ ಪತ್ತಾರರಿಗೆ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಮಾತ್ರ ಬೆಳ್ಳಿ-ಬಂಗಾರ ಕತ್ತರಿಸುವ ಬ್ಲೇಡ್ ಸಿಕ್ಕಿತು. ಪಿನ್ ಇಲ್ಲದ್ದು, ಉದ್ದವೂ 5 ಇಂಚಿನಷ್ಟೇ, ಯಂತ್ರಕ್ಕೆ ಕೂರುತ್ತದೆ. ಆದರೆ ಹಲ್ಲು ಒತ್ತೊತ್ತಾಗಿರುವುದರಿಂದ ಮರದ ಪುಡಿ ಹೊರಗೆ ಬರದೆ ಸುಡುತ್ತದೆ. ತೆಳು ಹಿತ್ತಾಳೆ ತಗಡಿಗೆ ಅದನ್ನೇ ಬಳಸುತ್ತೇನೆ, ಮರಕ್ಕೆ ಬೇಡ.

ತಿರುಚಿ ಮಾಡಿದ, ಸುತ್ತಲೂ ಹಲ್ಲಿರುವ ಸುರುಳಿ ಬ್ಲೇಡ್ ಎಲ್ಲ ದಿಕ್ಕಿಗೂ ಕೊರೆಯುತ್ತದೆ, ಆದರೆ ಅಂಚು ಒರಟು. ಅಕ್ಷರಕ್ಕೆ ನಾನು ಒಪ್ಪುವುದಿಲ್ಲ. ಎರಡೂವರೆ ಅಡಿಯ ಹಲಗೆಯಲ್ಲೇ ಜಾಲರಿ ಕೊರೆಯುವಾಗ ಮಾತ್ರ, ಹಲಗೆ ಯಂತ್ರದ ಹಿಂಬದಿಗೆ ತಾಗಿ ತಿರುಗದ ಕಾರಣ, ಅದು ಬೇಕೇ ಬೇಕು.

ಬಾಳಿಕೆ ವಿಷಯ. ಸಾಗವಾನಿಯಲ್ಲಿ ಸಿಲಿಕಾ ಇರುತ್ತದೆ, ಪ್ಲೈವುಡ್ಡಿನಲ್ಲಿ ಅಂಟು. ಎರಡೂ ಹಲ್ಲು ತಿನ್ನುತ್ತವೆ. ನನ್ನ ಕೈಯಲ್ಲಿ ಒಂದು ಒಳ್ಳೆ ಬ್ಲೇಡ್ ಸಾಗವಾನಿಯಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷ ಕೊರೆಯುತ್ತದೆ. ಅಗ್ಗದ ಮಿಶ್ರ ಪೊಟ್ಟಣದ್ದು ಹತ್ತು ನಿಮಿಷಕ್ಕೇ ಮೊಂಡಾಗಿದೆ, ಅದರಲ್ಲಿ ಅರ್ಧದಷ್ಟು ನನಗೆ ಬೇಡದ ನಂಬರ್. ಸ್ವಿಟ್ಜರ್ಲೆಂಡಿನ ಪೆಗಾಸ್ ಬ್ಲೇಡ್‌ಗೆ ದುಡ್ಡು ಜಾಸ್ತಿ, ಆದರೆ ಅಂಚು ಉಜ್ಜುವ ಕೆಲಸವನ್ನೇ ಅದು ಅರ್ಧಕ್ಕಿಳಿಸಿದೆ. ಹಲಗೆಗೆ ಅಂಟಿಸಿದ ಅಕ್ಷರದ ನಕ್ಷೆಯ ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿ ಕೊರೆಯಿರಿ, ಸುಟ್ಟ ಕಲೆ ಬಹಳ ಕಡಿಮೆಯಾಗುತ್ತದೆ. ಕೈಗೆ ಒತ್ತಡ ಗೊತ್ತಾಯಿತೋ, ಮರ ಸುಟ್ಟ ವಾಸನೆ ಬಂತೋ, ಆ ಬ್ಲೇಡ್ ಬಿಸಾಕಿ. ಉಳಿಸಲು ಹೋಗಿ ನಾನು ಕೆಡಿಸಿದ ಸಾಗವಾನಿಯ ಬೆಲೆಗೆ ಎರಡು ಡಜನ್ ಬರುತ್ತಿತ್ತು.

ಗವಿಮಠದ ಜಾತ್ರೆಗೆ ಮುಂಚೆ ನಾಮಫಲಕ ಕೇಳುವವರು ಹೆಚ್ಚು. ಈ ಸಲ ತರಿಸಿದ್ದು ಉಲ್ಟಾ ಹಲ್ಲಿನ 3 ಮತ್ತು 5 ಎರಡೆರಡು ಡಜನ್, 7 ಅರ್ಧ ಡಜನ್, 1 ಅರ್ಧ ಡಜನ್.