ಸೋಫಾದ ಮೇಲೆ ಅರಿಶಿನ ಕುಂಕುಮವಾಯಿತು: 1,750 ರೂಪಾಯಿಯ ಸರ್ವಿಸು, 549 ರೂಪಾಯಿಯ ಬಾಟಲಿ

ಶುರುವಾದದ್ದು ಎಳ್ಳ ಅಮಾವಾಸ್ಯೆ ದಿನ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಉಂಡು ಸಂಜೆ ಮನೆಗೆ ಬಂದ ನಮ್ಮ ಯಜಮಾನರು ಉಳಿದ ಎಣ್ಣೆಗಾಯಿ ಡಬ್ಬಿಯನ್ನು ನೇರ ಸೋಫಾದ ಮೇಲೆ ಇಟ್ಟರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಮೂರು ವರ್ಷದ ಹಿಂದೆ ಕೊಂಡ ಐದು ಸೀಟಿನ ಸೋಫಾ, ತಿಳಿ ಬೂದು ಬಣ್ಣದ ಬಟ್ಟೆ. ಎಣ್ಣೆ, ಅರಿಶಿನ, ಖಾರ ಮೂರೂ ಕೂಡಿ ಅಂಗೈ ಅಗಲದ ಕಲೆ.

ನಾನು 26 ವರ್ಷದಿಂದ ಕಲಬುರಗಿಯ ಸೇಡಂ ರಸ್ತೆ ಕಡೆ ಬ್ಲೌಸ್ ಹೊಲಿಯುವವಳು. ಗಿರಾಕಿಗಳ ರೇಷ್ಮೆಗೆ ಮಿಷಿನ್ ಎಣ್ಣೆ ತಾಗಿದಾಗ ಏನು ಮಾಡಬೇಕು ಅಂತ ಗೊತ್ತಿರುವುದರಿಂದ ಉಜ್ಜಲಿಲ್ಲ. ಉಜ್ಜಿದರೆ ಕಲೆ ಹೋಗುವುದಿಲ್ಲ, ಊರಗಲ ಆಗುತ್ತದೆ. ಚಮಚದಿಂದ ಮೇಲಿನದ್ದು ಎತ್ತಿ, ಟಾಲ್ಕಂ ಪೌಡರ್ ದಪ್ಪಗೆ ಸುರಿದು ಅರ್ಧ ಗಂಟೆ ಬಿಟ್ಟೆ. ಪೌಡರ್ ಎಣ್ಣೆ ಕುಡಿದು ಹಳದಿ ಹಿಟ್ಟಾಯಿತು. ಆಮೇಲೆ ಪಾತ್ರೆ ತೊಳೆಯುವ ಜೆಲ್ ಎರಡು ಹನಿ, ತಣ್ಣೀರು, ಬಿಳಿ ಅರಿವೆಯಿಂದ ಅಂಚಿನಿಂದ ನಡುವಿಗೆ ಒತ್ತಿ ಒತ್ತಿ ತೆಗೆದೆ. ಎಣ್ಣೆ ಹೋಯಿತು. ಹಳದಿ ಮಾತ್ರ ಕುಂತಿತು.

ಇಲ್ಲಿ ನನ್ನ ತಪ್ಪು. ಮೊಬೈಲ್‌ನಲ್ಲಿ ಎಲ್ಲರೂ ಸೋಡಾ ಹಾಕಿ ಅಂತಾರಲ್ಲ, ಕಿರಾಣಿ ಅಂಗಡಿಗೆ ಹೋಗಿ ‘ಸೋಡಾ ಕೊಡ್ರಿ’ ಅಂದೆ. ತಿನ್ನೋ ಸೋಡಾ ಅಂತ ಹೇಳಲಿಲ್ಲ. ಅವರು ಕೊಟ್ಟದ್ದು ಬಟ್ಟೆ ಸೋಡಾ. ಪೇಸ್ಟ್ ಮಾಡಿ ಹಚ್ಚಿದ್ದೇ ತಡ, ಕಣ್ಣೆದುರಿಗೇ ಹಳದಿ ಕಲೆ ಕೆಂಪಾಯಿತು. ನಮ್ಮತ್ತೆ ಬಾಗಿಲಲ್ಲಿ ನಿಂತು, ‘ಅಯ್ಯ ಶಿವನ, ಸೋಫಾಕ್ಕ ಕುಂಕುಮ ಹಚ್ಚೀಯಲ್ಲವಾ!’ ಅಂದರು.

ಅವರು ತಮಾಷೆಗೆ ಹೇಳಿದರೂ ಮಾತು ಖರೇ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆರತಿ ನೀರು ಕೆಂಪಾಗುತ್ತದಲ್ಲ, ಅದೇ ಇದು. ಅರಿಶಿನದ ಬಣ್ಣಕ್ಕೆ ಕ್ಷಾರ ತಾಗಿದರೆ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ಬಟ್ಟೆ ಸೋಡಾ ಜೋರು ಕ್ಷಾರ, ತಿನ್ನೋ ಸೋಡಾ ಬಹಳ ಸೌಮ್ಯ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒತ್ತಿದೆ, ಕೆಂಪು ಇಳಿದು ಹಳದಿಗೆ ಬಂತು. ಜೀವ ಬಂದಂಗಾಯಿತು. ಆ ಹಳದಿಯನ್ನು ತೆಗೆದದ್ದು ಯಾವ ಪುಡಿಯೂ ಅಲ್ಲ, ಬಿಸಿಲು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಕುಶನ್ ಕವರಿನ ಜಿಪ್ ಬಿಚ್ಚಿ, ಒದ್ದೆ ಮಾಡಿ ಮಾಳಿಗೆ ಮೇಲೆ ನಾಲ್ಕು ದಿನ ಒಣಹಾಕಿದೆ. ಬಿಸಿಲಿಗೆ ಕಲಬುರಗಿಯಲ್ಲಿ ಯಾರೂ ರೊಕ್ಕ ಕೇಳುವುದಿಲ್ಲ. ಹುಡುಕಿದರೆ ಮಾತ್ರ ಕಾಣುವಷ್ಟು ಉಳಿಯಿತು.

ತಿನ್ನೋ ಸೋಡಾ ಆಮೇಲೆ ಬೇರೆಯಾಗಿ ತಂದೆ. ಹಳೆ ಬಟ್ಟೆಯ ಮುಗ್ಗು, ಬೀಡಿ ವಾಸನೆ, ಇಂಥದ್ದಕ್ಕೆ ರಾತ್ರಿ ಒಣಪುಡಿ ಉದುರಿಸಿ ಬೆಳಿಗ್ಗೆ ವ್ಯಾಕ್ಯೂಮ್ ಮಾಡಿದರೆ ಸಾಕು. ಆದರೆ ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಸುರಿದು ಬುರುಗು ಎಬ್ಬಿಸುವ ವಿಡಿಯೋಗಳನ್ನು ನಂಬಬೇಡಿ. ಒಂದು ಕ್ಷಾರ, ಇನ್ನೊಂದು ಹುಳಿ. ಎರಡೂ ಒಂದನ್ನೊಂದು ತಿಂದುಹಾಕಿ ಉಳಿಯುವುದು ಉಪ್ಪಿನ ನೀರು. ನೋಡಲು ಚಂದ, ಅಷ್ಟೇ.

ಇಷ್ಟು ಕಲೆಯ ಕಥೆ. ವಾಸನೆಯ ಕಥೆ ಬೇರೆ, ಅದೇ ದೊಡ್ಡದು.

ಏಪ್ರಿಲ್‌ನಲ್ಲಿ ಮಗಳು ಸೊಲ್ಲಾಪುರದಿಂದ ಕೂಸನ್ನು ಕರೆದುಕೊಂಡು ಬಂದಳು. ಒಂದೂವರೆ ವರ್ಷದ ಗಂಡು ಕೂಸು. ಸೆಖೆಗೆ ಡೈಪರ್ ಹಾಕಿದರೆ ಮೈ ಕೆಂಪಾಗುತ್ತದೆ ಅಂತ ಬಿಟ್ಟೆವು. ಅವನು ಸೋಫಾದ ಬಲಮೂಲೆ, ಅದರ ಮುಂದಿನ ಗಾಲೀಚಾ ಎರಡನ್ನೂ ತನ್ನದೇ ಜಾಗ ಮಾಡಿಕೊಂಡ. ಹೊರಗೆ 42 ಡಿಗ್ರಿ. ಒದ್ದೆ ಅರಿವೆಯಿಂದ ಒರೆಸಿದರೆ ಗಂಟೆಯೊಳಗೆ ಕಟಕಟ ಒಣಗುತ್ತಿತ್ತು, ವಾಸನೆಯೇ ಇಲ್ಲ. ಜೂನ್‌ನಲ್ಲಿ ಅವರು ಹೋದರು. ಜುಲೈನಲ್ಲಿ ಮಳೆ ಹಿಡಿದು ಮೂರನೇ ದಿನ ಬಾಗಿಲು ತೆಗೆದರೆ ಹಾಲ್ ಬಸ್‌ಸ್ಟ್ಯಾಂಡಿನ ಹಿಂಬದಿಯಾಗಿತ್ತು.

ಬೇಸಿಗೆ ನಮಗೆ ಮೋಸ ಮಾಡಿತ್ತು. ಮೂತ್ರದ ನೀರು ಆರಿಹೋದರೂ ಅದರೊಳಗಿನ ಯೂರಿಕ್ ಆಮ್ಲದ ಹರಳುಗಳು ಸ್ಪಂಜಿನಲ್ಲೇ ಕೂತಿರುತ್ತವೆ, ನೀರಿಗೆ ಅವು ಸರಿಯಾಗಿ ಕರಗುವುದಿಲ್ಲ. ಗಾಳಿಯಲ್ಲಿ ತೇವ ಬಂದ ಕೂಡಲೇ ಮತ್ತೆ ನಾತ. ನಾನು ಒರೆಸಿದ್ದು ಬಟ್ಟೆಯನ್ನು, ಅದು ಇದ್ದದ್ದು ಎರಡು ಇಂಚು ಕೆಳಗೆ.

ಆಗ ಕರೆಸಿದ್ದು ಮನೆಗೇ ಬಂದು ಸೋಫಾ ತೊಳೆಯುವ ಸರ್ವಿಸಿನವರನ್ನು. ಹೆಸರು ಬೇಡ. ಸೀಟಿಗೆ 350ರಂತೆ 1,750 ರೂಪಾಯಿ. ಹನ್ನೊಂದಕ್ಕೆ ಬರ್ತೀವಿ ಅಂದವರು ಮೂರೂವರೆಗೆ ಬಂದರು. ಇಬ್ಬರು ಹುಡುಗರು, ಒಳ್ಳೆಯವರೇ, ಚಹಾ ಕೊಟ್ಟರೆ ಕಪ್ಪು ತೊಳೆದಿಟ್ಟರು. ಅವರ ವ್ಯಾಕ್ಯೂಮ್‌ಗೆ ಮಾತ್ರ ಪೂರಾ ಅಂಕ ಕೊಡ್ತೀನಿ. ಎರಿ ಹೊಲದ ದೂಳೆಲ್ಲ ನಮ್ಮ ಸೋಫಾದಲ್ಲೇ ಇತ್ತೇನೋ ಅನ್ನುವಷ್ಟು ಕರಿ ನೀರು ಬಕೀಟಿಗೆ ಬಂತು. ಬಣ್ಣ ಒಂದು ಛಾಯೆ ತಿಳಿಯಾಯಿತು.

ವಾಸನೆಗೆ ಮಾತ್ರ ಸೊನ್ನೆ. ಶಾಂಪೂ ನೊರೆ ಹಾಕಿ ಬ್ರಷ್‌ನಿಂದ ಉಜ್ಜಿದರು, ಸ್ಪಂಜಿನ ತನಕ ತೋಯಿಸಿದರು, ಹೀರಿದ್ದು ಮೇಲಿನ ನೀರನ್ನಷ್ಟೇ. ಕೊನೆಗೆ ಘಮಘಮ ಸ್ಪ್ರೇ ಹೊಡೆದು ‘ಆರು ತಾಸಿನಾಗ ಒಣಗ್ತದ ಆಂಟಿ’ ಅಂತ ಹೋದರು. ಜುಲೈ ತಿಂಗಳು, ಹೊರಗೆ ಜಡಿಮಳೆ. ಮೂರು ದಿನ ಫ್ಯಾನ್ ಓಡಿದರೂ ಒಳಗೆ ಹಸಿ. ಮೂತ್ರ, ಹೂವಿನ ಸೆಂಟು, ಮುಗ್ಗು ಮೂರೂ ಒಟ್ಟಿಗೆ! ಫೋನ್ ಮಾಡಿದರೆ ಮತ್ತೊಮ್ಮೆ ತೊಳೆಯುತ್ತೇವೆ, ಅರ್ಧ ರೇಟು ಅಂದರು. ಬೇಡ ಅಂದೆ. ದೂಳು ತೆಗೆಸಬೇಕಿದ್ದರೆ ಮಾರ್ಚ್‌ನಲ್ಲಿ ಇಂಥವರನ್ನು ಕರೆಸಿ. ಎಷ್ಟು ನೀರು ಹಾಕ್ತಾರೆ ಅನ್ನುವುದಕ್ಕಿಂತ ಎಷ್ಟು ವಾಪಸು ಹೀರ್ತಾರೆ ಅಂತ ಕೇಳಿ.

ಪಕ್ಕದ ಮನೆಯವರು ಬ್ಲೀಚ್ ಸುರಿ ಅಂದರು. ಅದನ್ನಂತೂ ಮಾಡಲೇಬೇಡಿ. ಹಳೆ ಮೂತ್ರದಲ್ಲಿ ಅಮೋನಿಯಾ ಇರುತ್ತದೆ, ಬ್ಲೀಚ್ ಕೂಡಿದರೆ ಉಸಿರು ಕಟ್ಟುವ ವಿಷದ ಗಾಳಿ ಏಳುತ್ತದೆ. ವಿನೆಗರ್ ಜೊತೆಗೂ ಅಷ್ಟೇ ಅಪಾಯ.

ಕೊನೆಗೆ ಮಗಳು ಹೇಳಿದಂತೆ ಆನ್‌ಲೈನ್‌ನಲ್ಲಿ ತರಿಸಿದ್ದು ಎಂಜೈಮ್ ದ್ರಾವಣ, ಅಂದರೆ ವಾಸನೆಯ ಮೂಲವನ್ನೇ ಒಡೆದುಹಾಕುವಂಥದ್ದು, ಒಂದು ಲೀಟರ್ ಬಾಟಲಿ, 549 ರೂಪಾಯಿ. ನಾಯಿ, ಬೆಕ್ಕು ಸಾಕುವವರಿಗೆ ಅಂತ ಮಾರುವುದು. ಬಾಟಲಿ ಮೇಲಿನ ಚಿತ್ರ ನೋಡಿ ಅತ್ತೆ, ‘ಕೂಸಿನ ಉಚ್ಚಿಗೆ ನಾಯಿ ಔಷಧ ತಂದೀ?’ ಅಂದರು. ಜೊತೆಗೆ 299 ರೂಪಾಯಿಯ ಯುವಿ (ನೇರಳಾತೀತ ಬೆಳಕಿನ) ಟಾರ್ಚ್. ರಾತ್ರಿ ಲೈಟ್ ಆರಿಸಿ ಹಿಡಿದರೆ ಹಳೆ ಮೂತ್ರದ ಜಾಗ ಮಂಕು ಹಳದಿಯಾಗಿ ಹೊಳೆಯಿತು. ನಾನು ಎರಡು ಜಾಗ ಅಂದುಕೊಂಡಿದ್ದೆ, ಏಳು ಇದ್ದವು. ಆದರೆ ಹೊಳೆದದ್ದೆಲ್ಲ ಮೂತ್ರವಲ್ಲ. ಅರಿಶಿನದ ಕಲೆಯೂ ಹೊಳೆಯಿತು, ಡಿಟರ್ಜೆಂಟ್‌ನಲ್ಲಿ ತೊಳೆದ ಯಜಮಾನರ ಬನಿಯನ್ ಅಂತೂ ನೀಲಿ ಟ್ಯೂಬ್‌ಲೈಟ್. ಸೀಮೆಸುಣ್ಣದಿಂದ ಏಳು ಜಾಗಕ್ಕೂ ಗುರುತು ಹಾಕಿದೆ, ಬ್ಲೌಸಿಗೆ ಹಾಕಿದಂತೆ.

ಬಳಸುವ ರೀತಿಯಲ್ಲೇ ಎಲ್ಲ ಇದೆ. ಮೊದಲ ಸಲ ಸ್ಪ್ರೇ ಹೊಡೆದು ಒರೆಸಿದೆ, ಏನೂ ಆಗಲಿಲ್ಲ, ಬಾಟಲಿಯನ್ನೇ ಬೈದೆ. ಆಮೇಲೆ ಲೇಬಲ್ ಪೂರ್ತಿ ಓದಿದೆ. ಎಂಜೈಮ್ ಒದ್ದೆ ಇರುವ ತನಕ ಮಾತ್ರ ದುಡಿಯುತ್ತದೆ, ಮತ್ತು ಮೂತ್ರ ಎಲ್ಲಿಯ ತನಕ ಇಳಿದಿದೆಯೋ ಅಲ್ಲಿಯ ತನಕ ಇದೂ ಇಳಿಯಬೇಕು. ಹಳೆ ಶಾಂಪೂ, ವಿನೆಗರ್ ಉಳಿದಿದ್ದರೆ ಅದರ ಕೈ ಕಟ್ಟಿಹಾಕಿದಂತೆ, ಕುದಿಯುವ ನೀರು ಹಾಕಿದರೆ ಸತ್ತೇ ಹೋಗುತ್ತದೆ. ಎರಡನೇ ಸಲ ಕವರ್ ಬಿಚ್ಚಿ, ಸ್ಪಂಜನ್ನು ಸಾದಾ ನೀರಿನಲ್ಲಿ ತೊಳೆದು, ಹಿಂಡದೆ ಅಂಗೈಯಿಂದ ಒತ್ತಿ ನೀರು ಇಳಿಸಿ, ಗುರುತಿನ ಜಾಗಕ್ಕೆಲ್ಲ ದ್ರಾವಣ ಸುರಿದೆ. ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ರಾತ್ರಿ ಬಿಟ್ಟೆ. ಕೊನೆಯ ತೊಳೆತಕ್ಕೆ ಬೋರ್‌ವೆಲ್ ನೀರು ಬಳಸಬೇಡಿ, ನಮ್ಮ ಕಡೆಯ ಗಡಸು ನೀರು ಒಣಗಿದರೆ ಬೂದು ಬಟ್ಟೆಯ ಮೇಲೆ ಬಿಳಿ ಗೆರೆ ಎಳೆಯುತ್ತದೆ. ಫಿಲ್ಟರ್ ನೀರು ಹಾಕಿದೆ. ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟ ಎರಡು ದಿನ ಸ್ಪಂಜು ಮಾಳಿಗೆ ಮೇಲೆ. ಮೂಲೆಯದಕ್ಕೆ ಇನ್ನೊಂದು ಸುತ್ತು ಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಮತ್ತೆ ಜೋರು ಮಳೆ ಬಂದಾಗ ನಾನೇ ಮೂಗು ಇಟ್ಟು ನೋಡಿದೆ. ಬರೀ ಬಟ್ಟೆ ವಾಸನೆ. ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಕಡಿಮೆ ಮಾಡಿದ್ದು ಮುಚ್ಚಳ ಸೋರುತ್ತದೆ ಅಂತ.

ಸೋಫಾ ಒದ್ದೆ ಮಾಡುವ ಮೊದಲು ಸೀಟಿನ ಕೆಳಗಿನ ಚೀಟಿ ಹುಡುಕಿ. ‘ಡಬ್ಲ್ಯೂ’ ಅಂತಿದ್ದರೆ ನೀರು ನಡೆಯುತ್ತದೆ, ಬರೀ ‘ಎಸ್’ ಇದ್ದರೆ ನೀರು ತಾಗಿಸಬಾರದು, ‘ಎಕ್ಸ್’ ಇದ್ದರೆ ವ್ಯಾಕ್ಯೂಮ್ ಬಿಟ್ಟು ಬೇರೇನೂ ಬೇಡ.

ಗಾಲೀಚಾಗೆ ಈ ಬಾಟಲಿ ಹಾಕಲಿಲ್ಲ. ಮಾವನವರು ಹೈದರಾಬಾದಿನಿಂದ ತಂದ ಕೆಂಪು ಉಣ್ಣೆಯದು. ಲೇಬಲ್‌ನ ಕೊನೆ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಉಣ್ಣೆ, ರೇಷ್ಮೆಗೆ ಬೇಡ ಅಂತಿತ್ತು. ಅರ್ಥವಾಗುವಂಥದ್ದೇ. ಉಣ್ಣೆ, ರೇಷ್ಮೆ ಎರಡೂ ಪ್ರೋಟೀನು, ಪ್ರೋಟೀನ್ ತಿನ್ನುವ ಎಂಜೈಮ್ ಇದ್ದರೆ ನೂಲನ್ನೂ ಕಡಿಯುತ್ತದೆ. ಬಟ್ಟೆ ಸೋಡಾ ಕೂಡ ಉಣ್ಣೆಗೆ ಶತ್ರು. ಮೊದಲು ಹಿಂಬದಿಯ ಮೂಲೆಯಲ್ಲಿ ಒದ್ದೆ ಬಿಳಿ ಅರಿವೆ ಒತ್ತಿ ನೋಡಿದೆ, ಸ್ವಲ್ಪ ಕೆಂಪು ಬಿಟ್ಟಿತು. ಅಂದರೆ ನೆನೆಹಾಕುವಂತಿಲ್ಲ. ಒಂದು ಪಾಲು ವಿನೆಗರ್, ನಾಲ್ಕು ಪಾಲು ತಣ್ಣೀರು, ಸ್ವಲ್ಪ ಸ್ವಲ್ಪ ಹಚ್ಚಿ ಒಣ ಟವೆಲ್ ಇಟ್ಟು ಮೇಲೆ ನಿಂತು ತುಳಿದೆ. ಎಂಟು ಸಲ. ಆಮೇಲೆ ಬಣ್ಣ ಹಾರದಂತೆ ಹಿಂಬದಿ ಮೇಲೆ ಮಾಡಿ ಗೋಡೆಗೆ ಹಾಕಿ, ಅತ್ತೆ ಹೇಳಿದ ಹಾಗೆ ಕೋಲಿನಿಂದ ಬಡಿದೆ. ಬಡಿಯುವಾಗ ಓಣಿಯವರೆಲ್ಲ ಹೊರಗೆ ಬಂದು ನೋಡಿದರು. ವಾಸನೆ ಮುಕ್ಕಾಲು ಹೋಗಿದೆ, ಕಾಲು ಭಾಗ ಮಳೆ ಬಂದಾಗ ಇನ್ನೂ ನೆನಪು ಮಾಡುತ್ತದೆ. ಇದಕ್ಕೆ ಗಾಲೀಚಾ ತೊಳೆಯುವುದನ್ನೇ ಕಸುಬು ಮಾಡಿಕೊಂಡವರೇ ಬೇಕು. ಹೈದರಾಬಾದಿಗೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುವ ವಿಚಾರ ಇದೆ.

ಲೆಕ್ಕ: ಸರ್ವಿಸು 1,750, ಬಾಟಲಿ 549, ಟಾರ್ಚ್ 299, ವಿನೆಗರ್, ಸೋಡಾ, ಪೌಡರ್ ಎಲ್ಲ ಕೂಡಿ ನೂರರ ಆಸುಪಾಸು. ಮೊದಲೇ ಗೊತ್ತಿದ್ದರೆ ಸಾವಿರದೊಳಗೆ ಮುಗಿಯುತ್ತಿತ್ತು. ಈಗ ಸೀಟಿನ ಮೇಲೆ ನೀರು ಇಳಿಯದ ಶೀಟ್ ಹೊಲಿದು ಹಾಕಿದ್ದೀನಿ, ಮೇಲೆ ಹಳೆ ಇಳಕಲ್ ಸೀರೆಯ ಹೊದಿಕೆ. ಬಾಟಲಿಯಲ್ಲಿ ಇನ್ನೂ ಕಾಲು ಭಾಗ ಉಳಿದಿದೆ. ದೀಪಾವಳಿಗೆ ಮೊಮ್ಮಗ ಬರುತ್ತಾನೆ.