ಮಾಲೂರು ಕಡೆಯ ಗೂಡಿನ ಇಟ್ಟಿಗೆ: ಎರಡು ಲೋಡುಗಳ ಅನುಭವ

ಮನೆಯ ಮೊದಲ ಮಹಡಿಗೆಂದು ಮಾಲೂರು ಕಡೆಯ ಒಂದು ಗೂಡಿನಿಂದ ಎರಡು ಲೋಡು ಸುಟ್ಟ ಇಟ್ಟಿಗೆ ತರಿಸಿದೆವು. ಮೊದಲ ಲೋಡು ನಿಜಕ್ಕೂ ಉತ್ತಮವಾಗಿತ್ತು: ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿದರೆ ಕಂಚಿನಂತೆ ಖಣಖಣ ಎನ್ನುತ್ತಿದ್ದವು, ಉಗುರಿನಿಂದ ಗೀರಿದರೆ ಗೆರೆ ಮೂಡುತ್ತಿರಲಿಲ್ಲ, ಮುರಿದು ನೋಡಿದಾಗ ಒಳಗೂ ಹೊರಗೂ ಒಂದೇ ಕೆಂಪು. 2.9 ಕೆ.ಜಿ. ತೂಗಿದ ಒಣ ಇಟ್ಟಿಗೆಯೊಂದನ್ನು 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿದಾಗ 3.35 ಕೆ.ಜಿ. ಆಯಿತು, ಅಂದರೆ ಹೀರಿದ್ದು ಸುಮಾರು ಶೇ. 15.5, ಸಾಮಾನ್ಯ ಇಟ್ಟಿಗೆಗೆ ಭಾರತೀಯ ಮಾನಕ ಒಪ್ಪುವ ಶೇ. 20ರ ಮಿತಿಯೊಳಗೇ.

ಎರಡನೆಯ ಲೋಡಿನಲ್ಲಿ ಅರೆಬೆಂದ ಇಟ್ಟಿಗೆಗಳನ್ನು ಬೆರೆಸಿದ್ದರು. ಬಣ್ಣ ಮಸುಕು, ತಟ್ಟಿದರೆ ಮಂಕು ಸದ್ದು, ಮೂರಡಿ ಎತ್ತರದಿಂದ ಬಿಟ್ಟರೆ ಚೂರುಚೂರು. ದೂರಿದಾಗ ಬದಲಿಸಿಕೊಟ್ಟರಾದರೂ ಸಾಗಣೆಯ ಖರ್ಚನ್ನು ನಮ್ಮ ಮೇಲೆಯೇ ಹಾಕಿದ್ದು ಅನ್ಯಾಯ.

ಒಳ್ಳೆಯ ಇಟ್ಟಿಗೆಯನ್ನೂ ಒಣಗಿದ್ದಾಗಲೇ ಕಟ್ಟಿದರೆ ಅದು ಗಾರೆಯ ನೀರನ್ನೆಲ್ಲ ಎಳೆದುಕೊಂಡು ಸಂದುಗಳು ಪುಡಿಯಾಗುತ್ತವೆ ಎಂದು ನಮ್ಮ ಮೇಸ್ತ್ರಿಯವರು ಪ್ರತಿ ಇಟ್ಟಿಗೆಯನ್ನೂ ನೆನೆಸಿ, ಗುಳಿಯಿರುವ ಮುಖವನ್ನು ಮೇಲೆ ಮಾಡಿ, ಒಂದು ವರಸೆಯ ಸಂದು ಮುಂದಿನದರ ಸಂದಿಗೆ ನೇರವಾಗಿ ಕೂರದಂತೆ ಕಟ್ಟಿದರು. ಈ ಗೂಡಿನ ಇಟ್ಟಿಗೆಯನ್ನು ಕೊಳ್ಳಬಹುದು. ಆದರೆ ಪ್ರತಿ ಲೋಡನ್ನೂ ಇಳಿಸುವ ಮುನ್ನವೇ ತಟ್ಟಿ ನೋಡಿ.