ಆಯುಷ್ಮಾನ್, ಯಶಸ್ವಿನಿ, ಇಎಸ್‌ಐ, ಖಾಸಗಿ ಪಾಲಿಸಿ: ಬಿಲ್ಲು ಬಂದಾಗ ಯಾವುದು ಎಷ್ಟು ಕೈಹಿಡಿಯುತ್ತದೆ?

ಕರ್ನಾಟಕದ ಕುಟುಂಬವೊಂದಕ್ಕೆ ಆಸ್ಪತ್ರೆ ಖರ್ಚು ತೂಗಿಸಲು ಇವತ್ತು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, ಸಹಕಾರ ಸಂಘಗಳ ಯಶಸ್ವಿನಿ, ಕಾರ್ಮಿಕರ ಇಎಸ್‌ಐ, ಮತ್ತೆ ದುಡ್ಡು ಕೊಟ್ಟು ಕೊಳ್ಳುವ ಖಾಸಗಿ ಪಾಲಿಸಿ. ಈ ನಾಲ್ಕರಲ್ಲಿ ಮೂರಕ್ಕೆ ಒಂದೇ ದೊಡ್ಡ ಕೊರತೆ: ರೋಗಿ ಅಡ್ಮಿಟ್ ಆದರೆ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಎಂದು ತಿಂಗಳು ತಿಂಗಳು ಔಷಧಿ ಅಂಗಡಿಗೆ ಹೋಗುವ ದುಡ್ಡು ಈ ಮೂರರಲ್ಲಿ ಯಾವುದರ ಲೆಕ್ಕಕ್ಕೂ ಸೇರುವುದಿಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ 64.2% ಇದ್ದದ್ದು 2021-22ಕ್ಕೆ 39.4%ಗೆ ಇಳಿದಿದೆ. ಇಳಿದದ್ದು ನಿಜ, ಆದರೂ ನೂರಕ್ಕೆ ಸುಮಾರು ನಲವತ್ತು ರೂಪಾಯಿ ಮನೆಯವರದ್ದೇ. ಆರೋಗ್ಯ ಸುಧಾರಣೆ ಎಂದಕೂಡಲೇ ‘ಐದು ಲಕ್ಷ ಸಾಲದು, ಹತ್ತು ಲಕ್ಷ ಮಾಡಿ’ ಎಂದು ಶುರುವಾಗುವ ಚರ್ಚೆ ಈ ನಲವತ್ತನ್ನು ಮರೆಯುತ್ತದೆ. ಕೆಳಗಿನ ವಿಮರ್ಶೆಯನ್ನು ಅದನ್ನು ನೆನಪಿಟ್ಟುಕೊಂಡೇ ಓದಬೇಕು.

ಮೊದಲು ಆಯುಷ್ಮಾನ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಒಂದು ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಒಟ್ಟು ದರದ, 30% ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಈ ಎರಡನೆಯ ಸಾಲು ಗೊತ್ತಿಲ್ಲದೆ ಬಹಳ ಜನ ಮೋಸಹೋಗುತ್ತಾರೆ. ಕಾರ್ಡು ಎಲ್ಲರದ್ದೂ ನೋಡಲು ಒಂದೇ ತರಹ. ಒಂದು ಲಕ್ಷದ ಪ್ಯಾಕೇಜಿಗೆ ಎಪಿಎಲ್ ರೋಗಿಗೆ ಸರ್ಕಾರ ಕೊಡುವುದು 30,000; ಉಳಿದ 70,000 ರೋಗಿಯೇ ಕಟ್ಟಬೇಕು. ಹಾಗಾಗಿ ಕಾರ್ಡು ಮಾಡಿಸಿದ ದಿನವೇ ನಿಮ್ಮದು ಯಾವ ವರ್ಗ ಎಂದು ಕೇಳಿ ತಿಳಿದುಕೊಳ್ಳಿ.

ಕಾರ್ಡು ಮಾಡಿಸುವುದು ಕಷ್ಟವಲ್ಲ. ಆಧಾರ್, ರೇಷನ್ ಕಾರ್ಡು, ಆಧಾರ್‌ಗೆ ಜೋಡಿಸಿದ ಮೊಬೈಲ್ ಹಿಡಿದು ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರಕ್ಕೆ ಹೋದರೆ ಸಾಕು. ಕೆಲಸ ಕೆಡುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಒಂದು ರೀತಿ, ರೇಷನ್ ಕಾರ್ಡಿನಲ್ಲಿ ಇನ್ನೊಂದು ರೀತಿ ಇದ್ದರೆ ತಾಳೆಯಾಗುವುದಿಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು, ಹೊಸದಾಗಿ ಹುಟ್ಟಿದ ಮಗುವಿನ ಹೆಸರು ರೇಷನ್ ಕಾರ್ಡಿಗೆ ಸೇರಿರುವುದಿಲ್ಲ. ಹೆರಿಗೆಗೋ ಆಪರೇಷನ್ನಿಗೋ ಹೋದಾಗ ಇದು ಗೊತ್ತಾದರೆ ಪಡುವ ಪಾಡು ಯಾರಿಗೂ ಬೇಡ. ಆರೋಗ್ಯವಾಗಿರುವಾಗಲೇ ತಿದ್ದಿಸಿಕೊಳ್ಳಿ.

ಇನ್ನೊಂದು ತೊಡಕು ರೆಫರಲ್. ಸಾಮಾನ್ಯ ಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಪಡೆಯಬೇಕು. ಅಲ್ಲಿ ಸೌಲಭ್ಯ ಇಲ್ಲದ ಚಿಕಿತ್ಸೆಗೆ ಅಲ್ಲಿಂದಲೇ ರೆಫರಲ್ ಪತ್ರ ಬರೆಸಿಕೊಂಡು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ, ಅಂದರೆ ಹೃದಯಾಘಾತ, ಅಪಘಾತದ ಗಂಭೀರ ಪೆಟ್ಟು ಮುಂತಾದವಕ್ಕೆ, ಪತ್ರ ಬೇಡ. ನೇರವಾಗಿ ಖಾಸಗಿ ಆಸ್ಪತ್ರೆ ಸೇರಿ ಅರ್ಧ ಬಿಲ್ಲು ಕಟ್ಟಿದ ಮೇಲೆ ‘ಕಾರ್ಡು ಇದೆ’ ಎಂದರೆ ಪ್ರಯೋಜನವಿಲ್ಲ, ಏಕೆಂದರೆ ಇದು ಬಿಲ್ಲು ತಂದು ಕೊಟ್ಟರೆ ದುಡ್ಡು ಮರಳಿಸುವ ವ್ಯವಸ್ಥೆಯಲ್ಲ. ಒಳಗೆ ಕಾಲಿಟ್ಟ ತಕ್ಷಣ ಆರೋಗ್ಯ ಮಿತ್ರರ (ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ಮೇಜು ಹುಡುಕಿ, ಕಾರ್ಡು ತೋರಿಸಿ, ಯೋಜನೆ ನಡೆಸುವ ಸರ್ಕಾರಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಆಸ್ಪತ್ರೆಯವರು ಪೂರ್ವಾನುಮತಿಯ ಕೋರಿಕೆ ಕಳಿಸಿದರೇ ಎಂದು ಕೇಳಿ.

ಈ ಟ್ರಸ್ಟ್ ವ್ಯವಸ್ಥೆ ಕರ್ನಾಟಕದ ಮಾದರಿಯ ಬಲ. ನಡುವೆ ವಿಮಾ ಕಂಪನಿ ಇಲ್ಲದಿರುವುದರಿಂದ ಕ್ಲೇಮು ತಿರಸ್ಕರಿಸಿ ಲಾಭ ಮಾಡಿಕೊಳ್ಳುವವರು ಯಾರೂ ಇಲ್ಲ. ಬಲಹೀನತೆ ಇರುವುದು ದರದಲ್ಲಿ ಮತ್ತು ಬಾಕಿಯಲ್ಲಿ. ಪ್ಯಾಕೇಜ್ ದರ ಖರ್ಚಿಗೆ ಗಿಟ್ಟುವುದಿಲ್ಲ, ಹಣವೂ ತಡವಾಗಿ ಬರುತ್ತದೆ ಎನ್ನುವುದು ಖಾಸಗಿ ಆಸ್ಪತ್ರೆಗಳ ಹಳೆಯ ದೂರು. ಪರಿಣಾಮ ರೋಗಿಯ ಮೇಲೆ: ‘ಆ ವಾರ್ಡಿನಲ್ಲಿ ಬೆಡ್ ಖಾಲಿ ಇಲ್ಲ’ ಎನ್ನುವ ಉತ್ತರ, ಅಥವಾ ‘ಒಳ್ಳೆಯ ಕಂಪನಿಯ ಸ್ಟೆಂಟ್ ಬೇಕಿದ್ದರೆ ಮೇಲೆ ಸ್ವಲ್ಪ ಕೊಡಿ’ ಎನ್ನುವ ಮಾತು. ಬಿಪಿಎಲ್ ರೋಗಿಯಿಂದ ಪ್ಯಾಕೇಜಿನ ಮೇಲೆ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಪರೀಕ್ಷೆ, ಔಷಧಿ, ಆಪರೇಷನ್, ವಾರ್ಡು, ಊಟ ಎಲ್ಲವೂ ಅದರೊಳಗೇ. ಕೇಳಿದರೆ ರಸೀದಿ ಪಡೆದು 104ಕ್ಕೆ ಅಥವಾ ರಾಷ್ಟ್ರೀಯ ಸಹಾಯವಾಣಿ 14555ಕ್ಕೆ ದೂರು ಕೊಡಿ. ಹೃದಯ, ಕ್ಯಾನ್ಸರ್ ವಿಷಯಕ್ಕೆ ಬಂದರೆ ಜಯದೇವ, ಕಿದ್ವಾಯಿಯಂಥ ಸರ್ಕಾರಿ ಸ್ವಾಯತ್ತ ಸಂಸ್ಥೆಗಳೇ ಈ ಕಾರ್ಡಿಗೆ ಸರಿಯಾದ ಜಾಗ. ಸರದಿ ಉದ್ದವಿದ್ದರೂ ಸರಿ.

ಯಶಸ್ವಿನಿಯ ಉಪಯೋಗ ಇರುವುದು ಮುಖ್ಯವಾಗಿ ಎಪಿಎಲ್ ರೈತ ಕುಟುಂಬಕ್ಕೆ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಪ್ರೇರಣೆಯಿಂದ 2003ರಲ್ಲಿ ಚಾಲನೆಗೆ ಬಂದು, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಚಿಕಿತ್ಸೆ ಶುರುಮಾಡಿದ ಯೋಜನೆ ಇದು. ಮರುಜಾರಿಯಾದಾಗ ನಿಗದಿಯಾದ ವಂತಿಗೆ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ನಗರದ ಕುಟುಂಬಕ್ಕೆ 1,000. ಹೆಚ್ಚುವರಿ ಸದಸ್ಯರಿಗೆ ತಲಾ 100 ಮತ್ತು 200. ಪರಿಶಿಷ್ಟ ಜಾತಿ, ಪಂಗಡದವರ ಪಾಲನ್ನು ಸರ್ಕಾರ ಭರಿಸುತ್ತದೆ. ಮಿತಿ 5 ಲಕ್ಷ. ಆಯುಷ್ಮಾನ್‌ನಲ್ಲಿ 30% ಮಾತ್ರ ಸಿಗುವ ಮನೆಗೆ 500 ರೂಪಾಯಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಬೇರೆಲ್ಲೂ ಇಲ್ಲ. ಊರಿನ ಸೊಸೈಟಿಯಲ್ಲೋ ಡೇರಿಯಲ್ಲೋ ಸದಸ್ಯತ್ವ ಇರಬೇಕು, ಅದೂ ನೋಂದಣಿಗೆ ಕೆಲವು ತಿಂಗಳು ಮೊದಲೇ. ನೋಂದಣಿ ತೆರೆಯುವುದು ವರ್ಷದಲ್ಲಿ ಕೆಲವೇ ದಿನ. ತಪ್ಪಿದರೆ ಮುಂದಿನ ಸಾಲಿಗೇ ಕಾಯಬೇಕು.

ಅಡ್ಮಿಟ್ ಆಗದೆಯೂ ಔಷಧಿ ಕೊಡುವುದು ನಾಲ್ಕರಲ್ಲಿ ಇಎಸ್‌ಐ ಒಂದೇ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಇರುವವರಿಗೆ ಇದು ಅನ್ವಯ. ಕಾರ್ಮಿಕರಿಂದ 0.75%, ಮಾಲೀಕರಿಂದ 3.25%. ಅಂದರೆ 20,000 ಸಂಬಳದವರಿಗೆ ತಿಂಗಳಿಗೆ 150 ರೂಪಾಯಿ ಕಡಿತ. ಅದಕ್ಕೆ ಪ್ರತಿಯಾಗಿ ಮನೆಯವರಿಗೂ ಡಿಸ್ಪೆನ್ಸರಿಯಲ್ಲಿ ತಪಾಸಣೆ, ಮಾತ್ರೆ, ಆಸ್ಪತ್ರೆ ಚಿಕಿತ್ಸೆ ಎಲ್ಲ ಸಿಗುತ್ತದೆ. ಜೊತೆಗೆ ಅರ್ಹತೆ ಇದ್ದರೆ ಕಾಯಿಲೆ ಬಿದ್ದ ದಿನಗಳಿಗೆ ವೇತನದ 70%, ವರ್ಷಕ್ಕೆ 91 ದಿನಗಳವರೆಗೆ. ಕೂಲಿ ಹೋಗುವ ಭಯಕ್ಕೆ ಜ್ವರ ಬಂದರೂ ಕೆಲಸಕ್ಕೆ ಹೋಗುವವರಿಗೆ ಇದು ಎಷ್ಟು ದೊಡ್ಡ ಆಸರೆ! ದೂರುಗಳಿಲ್ಲವೆಂದಲ್ಲ, ಸರದಿ, ಔಷಧಿ ಇಲ್ಲದಿರುವುದು, ಸಂಬಳ 21,000 ದಾಟಿದರೆ ಕೆಲ ತಿಂಗಳಲ್ಲಿ ಕೈತಪ್ಪುವುದು, ಇವೆಲ್ಲ ಇವೆ. ಆದರೆ 1948ರ ಕಾಯ್ದೆಯ ಈ ವಿನ್ಯಾಸ ಇವತ್ತಿನ ಯಾವ ಹೊಸ ಯೋಜನೆಗಿಂತಲೂ ಪೂರ್ಣವಾದದ್ದು. ಸುಧಾರಣೆಯ ಮಾದರಿ ಹುಡುಕುವವರು ಇಲ್ಲಿಂದ ಶುರುಮಾಡಬೇಕು.

ಖಾಸಗಿ ಪಾಲಿಸಿಯನ್ನು ಮಧ್ಯಮವರ್ಗ ಕೊಳ್ಳುವುದು ಪ್ರೀಮಿಯಂ ನೋಡಿ. ನೋಡಬೇಕಾದದ್ದು ರೂಮ್ ಬಾಡಿಗೆಯ ಷರತ್ತು. 5 ಲಕ್ಷದ ಪಾಲಿಸಿ, ದಿನದ ಬಾಡಿಗೆ ಮಿತಿ ಆ ಮೊತ್ತದ 1% ಎಂದರೆ 5,000. ರೋಗಿ 8,000ದ ರೂಮಿನಲ್ಲಿ ನಾಲ್ಕು ದಿನ ಇದ್ದರು ಎನ್ನಿ. ರೂಮ್ 32,000, ಸರ್ಜನ್, ಆಪರೇಷನ್ ಥಿಯೇಟರ್, ನರ್ಸಿಂಗ್ 1,60,000, ಔಷಧಿ, ಪರೀಕ್ಷೆ, ಇಂಪ್ಲಾಂಟ್ 58,000. ಒಟ್ಟು 2,50,000. ಬಾಡಿಗೆಯ ವ್ಯತ್ಯಾಸ ಕೇವಲ 12,000. ಆದರೆ ಎಂಟಕ್ಕೆ ಐದರ ಅನುಪಾತದಲ್ಲಿ ಸರ್ಜನ್ ಬಿಲ್ಲನ್ನೂ ಕತ್ತರಿಸುತ್ತಾರೆ: 1,60,000ಕ್ಕೆ 1,00,000 ಮಾತ್ರ. ಔಷಧಿ, ಪರೀಕ್ಷೆ, ಇಂಪ್ಲಾಂಟ್‌ಗೆ ಈ ಕಡಿತ ಹಾಕುವಂತಿಲ್ಲ. ಕೊನೆಗೆ ಕಂಪನಿ ಕೊಡುವುದು 1,78,000, ಮನೆಯವರು 72,000. ಗ್ಲೌಸ್, ಮಾಸ್ಕ್‌ನಂಥ ವಸ್ತುಗಳ ಕಡಿತ ಇದರ ಮೇಲೆ. ರೂಮ್ ಮಿತಿ ಇಲ್ಲದ ಪಾಲಿಸಿಗೆ ಪ್ರೀಮಿಯಂ ತುಸು ಹೆಚ್ಚಾದರೂ ಅದನ್ನೇ ಕೊಳ್ಳಿ. ಈಗಾಗಲೇ ಮಿತಿ ಇರುವ ಪಾಲಿಸಿ ಇದ್ದರೆ ಅಡ್ಮಿಟ್ ಆಗುವಾಗ ಮಿತಿಯೊಳಗಿನ ರೂಮನ್ನೇ ಕೇಳಿ, ಇಲ್ಲದಿದ್ದರೆ ಇಲ್ಲವೆಂದು ಬರೆಸಿಕೊಳ್ಳಿ.

ನಿಯಮಗಳು ಇತ್ತೀಚೆಗೆ ಗ್ರಾಹಕರ ಕಡೆಗೆ ವಾಲಿವೆ, ಇದನ್ನು ಮೆಚ್ಚಬೇಕು. 2024ರಿಂದ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 36 ತಿಂಗಳು ಮೀರುವಂತಿಲ್ಲ. 60 ತಿಂಗಳು ಬಿಡದೆ ಪ್ರೀಮಿಯಂ ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, ‘ಕಾಯಿಲೆ ಮುಚ್ಚಿಟ್ಟಿರಿ’ ಎಂದು ಕ್ಲೇಮು ತಳ್ಳುವಂತಿಲ್ಲ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಅನುಮತಿಗೆ ಮೂರು ಗಂಟೆಯಲ್ಲಿ ಉತ್ತರ ಬರಬೇಕು. ತಡವಾಗಿ ಆಸ್ಪತ್ರೆ ಹೆಚ್ಚು ಬಾಡಿಗೆ ಹಾಕಿದರೆ ಅದು ಕಂಪನಿಯ ತಲೆಗೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ 18% ಜಿಎಸ್‌ಟಿಯೂ ಹೋಗಿದೆ. ಆದರೆ ಅರ್ಜಿ ತುಂಬುವಾಗ ಏಜೆಂಟರು ‘ಸಕ್ಕರೆ ಕಾಯಿಲೆ ಬರೆಯಬೇಡಿ, ಪ್ರೀಮಿಯಂ ಏರುತ್ತದೆ’ ಎಂದರೆ ಒಪ್ಪಬೇಡಿ. ಕ್ಲೇಮು ಬಿದ್ದುಹೋಗಲು ಅದೂ ಒಂದು ದೊಡ್ಡ ಕಾರಣ.

ವಿಮೆಯ ಹಣ ಎಷ್ಟು ಸುರಿದರೂ ದರಕ್ಕೆ ಕಡಿವಾಣ ಇಲ್ಲದಿದ್ದರೆ ಅದು ಬಿಲ್ಲಿನಲ್ಲೇ ಕರಗುತ್ತದೆ. 2017ರ ಫೆಬ್ರುವರಿಯಲ್ಲಿ ಕೇಂದ್ರ ಔಷಧ ಬೆಲೆ ಪ್ರಾಧಿಕಾರ ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿದಾಗ ವಿಮೆ ಇದ್ದವರಿಗೂ ಇಲ್ಲದವರಿಗೂ ಒಟ್ಟಿಗೇ ಅನುಕೂಲವಾಯಿತು. ಅದೇ ವರ್ಷ ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಎಲ್ಲ ಚಿಕಿತ್ಸೆಗೂ ಸರ್ಕಾರವೇ ದರ ನಿಗದಿಪಡಿಸುವ ಅಂಶ ತೆಳುವಾಯಿತು. ಆಗ ಸೋತದ್ದು ರೋಗಿಗಳೇ ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿದುಕೊಂಡ ಅಂಶಗಳನ್ನಾದರೂ ಬಳಸಿಕೊಳ್ಳಿ: ದರಪಟ್ಟಿ ಪ್ರದರ್ಶಿಸಬೇಕು, ತುರ್ತು ಚಿಕಿತ್ಸೆಗೆ ಮುಂಗಡ ಕೇಳುವಂತಿಲ್ಲ, ಬಾಕಿ ಇದೆಯೆಂದು ಶವವನ್ನು ತಡೆಹಿಡಿಯುವಂತಿಲ್ಲ.

2017ರ ರಾಷ್ಟ್ರೀಯ ಆರೋಗ್ಯ ನೀತಿ ಸರ್ಕಾರಿ ವೆಚ್ಚವನ್ನು 2025ರೊಳಗೆ ಜಿಡಿಪಿಯ 2.5%ಗೆ ಏರಿಸುವ ಗುರಿ ಇಟ್ಟಿತ್ತು. 2021-22ರಲ್ಲಿ ಅದು 1.84%. ಹೆಚ್ಚುವರಿ ಹಣ ಬಂದರೆ ಮೊದಲು ಹೋಗಬೇಕಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರ, ನಗರಗಳ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್‌ಗಳ ಔಷಧಿ ಕಪಾಟಿಗೆ. ಬಿಪಿ ಮಾತ್ರೆ ತಪ್ಪದೆ ಸಿಕ್ಕಿದ್ದರೆ ಎಷ್ಟೋ ಮಂದಿಗೆ ಪಾರ್ಶ್ವವಾಯುವಿನ ಪ್ಯಾಕೇಜು ಬೇಕಾಗುವುದೇ ಇಲ್ಲ.

ಖಾಸಗಿ ಪಾಲಿಸಿಯ ಕ್ಲೇಮು ತಿರಸ್ಕಾರವಾದವರಿಗೆ ಕೊನೆಯದಾಗಿ ಒಂದು ವಿಷಯ. ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದರು ಎಂಬುದನ್ನು ಬರಹದಲ್ಲಿ ಪಡೆಯಿರಿ. ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳು ಕಾಯಿರಿ. ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ (ವಿಮಾ ಕಂಪನಿಗಳ ವಿರುದ್ಧದ ದೂರು ಇತ್ಯರ್ಥಪಡಿಸುವ ಅಧಿಕಾರಿ) ದೂರು ಕೊಡಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. 50 ಲಕ್ಷದವರೆಗಿನ ವ್ಯಾಜ್ಯ ಕೇಳುತ್ತಾರೆ. ಶುಲ್ಕವಿಲ್ಲ, ವಕೀಲರು ಬೇಡ. ಪಾಲಿಸಿ ಪ್ರತಿ, ಡಿಸ್ಚಾರ್ಜ್ ಸಾರಾಂಶ, ವಿವರವಾದ ಬಿಲ್ಲು, ತಿರಸ್ಕಾರದ ಪತ್ರ ಜೊತೆಗಿಡಿ. ಡಿಸ್ಚಾರ್ಜ್ ಸಾರಾಂಶದಲ್ಲಿ ‘ಎಷ್ಟು ವರ್ಷದಿಂದ ಕಾಯಿಲೆ’ ಎಂಬ ಸಾಲನ್ನು ಆಸ್ಪತ್ರೆ ಬಿಡುವ ಮೊದಲೇ ಓದಿ; ತಪ್ಪಾಗಿ ಬರೆದಿದ್ದರೆ ವೈದ್ಯರಿಂದ ಅಲ್ಲೇ ತಿದ್ದಿಸಿ ಸಹಿ ಹಾಕಿಸಿಕೊಳ್ಳಿ.